ಮಗ ದಿನಾ ಸಂಜಿ ಯುವಕ ಸಂಘಕ್ಕ ಹೋಗ್ತಾನ, ಬಿಡಿಸ್ಲೇನ್ರಿ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲಾ ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಮಗನಿಗೆ 17 ವರ್ಷ, ಸೆಕೆಂಡ್ ಪಿಯುಸಿ ಕಾಮರ್ಸ್ ಓದಾಕತ್ತಾನ. ಒಂದು ವರ್ಷದಿಂದ ಊರಿನ ಯುವಕ ಸಂಘಕ್ಕ ಸೇರ್ಯಾನ. ಸಂಜಿ ಆರಕ್ಕ ಹೋದ್ರ ಒಂಬತ್ತಕ್ಕ ಮನಿಗೆ ಬರ್ತಾನ. ವಾಲಿಬಾಲು, ಗಣೇಶನ ಹಬ್ಬ, ಜಾತ್ರಿ ನಾಟಕದ ಪ್ರಾಕ್ಟೀಸು ಅಂತ ಏನಾದ್ರೂ ಒಂದು ಇದ್ದೇ ಇರ್ತೈತಿ. ಫಸ್ಟ್ ಪಿಯುಸಿನ್ಯಾಗ ಮಾರ್ಕ್ಸ್ ಸ್ವಲ್ಪ ಇಳದಾವ. ನಮ್ಮ ಯಜಮಾನ್ರು ‘ಸಂಘ ಅಂದ್ರ ಪೋಲಿಗಳ ಗುಂಪು, ನಾಳಿಂದ ಬಂದ್ ಮಾಡು’ ಅಂತಾರ. ಆದ್ರ ಮೊದ್ಲು ಯಾರ ಮುಂದೂ ಬಾಯಿ ಬಿಡದಾಂವ ಈಗ ಸ್ಟೇಜ್ ಮ್ಯಾಲೆ ಮೈಕ್ ಹಿಡದು ಮಾತಾಡ್ತಾನ, ಅದನ್ನ ನೋಡಿ ನನಗ ಖುಷಿನೂ ಆಗೈತಿ. ಹತ್ತನೇತ್ತಿ ಓದೋ ಮಗಳು ಬ್ಯಾರೆ ‘ಅಣ್ಣಗ ಸಂಘ ಐತಿ, ನನಗ್ಯಾಕಿಲ್ಲ?’ ಅಂತ ಕೇಳಾಕತ್ತಾಳ. ಸಂಘದಿಂದ ಹುಡುಗ್ರು ಬೆಳೀತಾರೋ ಕೆಡ್ತಾರೋ, ತಿಳಿಸಿ ಹೇಳ್ರಿ.

ಉತ್ತರ: ತಾಯಿ, ನನ್ನ ಅಭಿಪ್ರಾಯ ಮೊದ್ಲ ಹೇಳಿಬಿಡ್ತೀನಿ, ಬಿಡಿಸ್ಬ್ಯಾಡ್ರಿ. ಆದ್ರ ಒಂದ್ಸಲ ಹೋಗಿ ನೋಡದ ಸುಮ್ನ ಇರಬ್ಯಾಡ್ರಿ. ಸಂಘ ಒಳ್ಳೇದೋ ಕೆಟ್ಟದ್ದೋ ಅಂತ ಒಂದ ಮಾತಿನ್ಯಾಗ ಹೇಳಾಕ ಬರಂಗಿಲ್ಲ. ಅಲ್ಲಿ ಹೋಗಿ ಅವ ಏನು ಮಾಡ್ತಾನ, ಅವನ ಕೈಯಾಗ ಯಾವ ಜವಾಬ್ದಾರಿ ಕೊಟ್ಟಾರ, ಒಬ್ಬರಾದ್ರೂ ಹಿರೇರ ಕಣ್ಣು ಅಲ್ಲಿ ಐತೋ ಇಲ್ಲೋ, ಎಲ್ಲಾ ಅದರ ಮ್ಯಾಲೆ ನಿಂತೈತಿ. ಕುಷ್ಟಗಿ, ಯಲಬುರ್ಗಾ, ಸಿಂಧನೂರು, ಮಸ್ಕಿ ಕಡೆ ಹದಿಹರೆಯದ ಹುಡುಗ್ರು ಮತ್ತ ಅವರ ತಂದೆ-ತಾಯಿ ಜೋಡಿ ಮಾತಾಡೋದ ನನ್ನ ಕೆಲಸ, ಒಂದ ಊರಾಗ ಎರಡು ಸಂಘ ಇದ್ದು ಒಂದರಾಗ ಹುಡುಗ್ರು ಅರಳಿದ್ದು ಇನ್ನೊಂದರಾಗ ಹಾಳಾಗಿದ್ದು ಎರಡೂ ನೋಡೀನಿ.

ಮೊದ್ಲು ನಿಮಗ ಖುಷಿ ಆಗಿದ್ದರ ಬಗ್ಗೆ ಹೇಳ್ತೀನಿ, ಯಾಕಂದ್ರ ಅದು ಸಣ್ಣ ವಿಷಯ ಅಲ್ಲ. ಅಮೇರಿಕಾದಾಗ ರೀಡ್ ಲಾರ್ಸನ್ ಅಂತ ಒಬ್ಬ ಮನಃಶಾಸ್ತ್ರಜ್ಞರು ಹದಿಹರೆಯದವರ ದಿನಚರಿನ ಭಾಳ ವಿಚಿತ್ರ ರೀತಿಯಾಗ ಅಭ್ಯಾಸ ಮಾಡಿದ್ರು. ಹುಡುಗ್ರ ಕೈಗೆ ಪೇಜರ್ ಕೊಡೋದು, ದಿನದಾಗ ಯಾವಾಗಂದ್ರ ಆವಾಗ ಅದು ಸದ್ದು ಮಾಡೋದು, ಸದ್ದು ಆದ ಕೂಡ್ಲೆ ‘ಈ ಗಳಿಗ್ಯಾಗ ನಾ ಏನು ಮಾಡಾಕತ್ತೀನಿ, ಮನಸ್ಸು ಇದರಾಗ ಐತೋ ಇಲ್ಲೋ, ಕಷ್ಟಪಟ್ಟು ಲಕ್ಷ್ಯ ಕೊಡಾಕತ್ತೀನೋ ಇಲ್ಲೋ’ ಅಂತ ಹುಡುಗ್ರು ಬರದಿಡೋದು. ಅದರಿಂದ ಏನು ಗೊತ್ತಾತು ಅಂದ್ರ, ಕ್ಲಾಸಿನ್ಯಾಗ ಕೂತಾಗ ಹುಡುಗ್ರು ಲಕ್ಷ್ಯ ಕೊಡ್ತಾರ ಆದ್ರ ಮನಸ್ಸಿರಂಗಿಲ್ಲ, ಗೆಳ್ಯಾರ ಜೋಡಿ ಹರಟಿ ಹೊಡಿಯೋವಾಗ ಮನಸ್ಸಿರ್ತೈತಿ ಆದ್ರ ತಲಿಗೆ ಕೆಲಸ ಇರಂಗಿಲ್ಲ. ಎರಡೂ ಕೂಡೋದು ಆಟದ ಟೀಮು, ನಾಟಕ, ಸಂಗೀತ, ಸಂಘದ ಕೆಲಸ ಇಂಥಾವಾಗ ಮಾತ್ರ. ತಾನ ಇಷ್ಟಪಟ್ಟು ಆರಿಸ್ಕೊಂಡಿದ್ದು, ಆದ್ರ ಅದಕ್ಕೂ ನೇಮ ಐತಿ, ಗುರಿ ಐತಿ, ತಪ್ಪಿದ್ರ ನಾಲ್ಕು ಮಂದಿ ಕೇಳ್ತಾರ. ತಾನ ಮುಂದ ಬಂದು ಒಂದು ಕೆಲಸ ಹಚ್ಕೊಂಡು ಕೊನೀತನಕ ಮುಟ್ಟಿಸೋ ಗುಣ ಇಂಥಲ್ಲೇ ಬೆಳೀತೈತಿ ಅಂತ ಲಾರ್ಸನ್ 2000ದಾಗ ಬರದ್ರು. ಸಾಲಿ ಕಾಲೇಜು ಎಷ್ಟ ಚಲೋ ಇದ್ರೂ ಈ ಗುಣಕ್ಕ ಅಲ್ಲಿ ಜಾಗ ಕಮ್ಮಿ, ಯಾಕಂದ್ರ ಏನು ಓದಬೇಕು, ಯಾವಾಗ ಪರೀಕ್ಷೆ, ಎಲ್ಲಾ ಬ್ಯಾರೆಯವ್ರ ತೀರ್ಮಾನ ಮಾಡಿರ್ತಾರ.

ನಮ್ಮ ಕಡೆ ಒಂದು ವಾಲಿಬಾಲ್ ಟೂರ್ನಮೆಂಟ್ ಮಾಡೋದಂದ್ರ ಏನೇನು ಐತಿ ಅಂತ ಒಮ್ಮೆ ಯೋಚ್ನಿ ಮಾಡ್ರಿ. ಪಂಚಾಯ್ತಿಗೆ ಅರ್ಜಿ ಬರೀಬೇಕು, ಪಿಡಿಒ ಸಾಹೇಬ್ರ ಮುಂದ ನಿಂತು ಮಾತಾಡಬೇಕು, ಲೈಟಿನ ವ್ಯವಸ್ಥಾ ಆಗ್ಬೇಕು, ಪಟ್ಟಿ ಅಂದ್ರ ಚಂದಾ ಎತ್ತಬೇಕು, ಎತ್ತಿದ್ದಕ್ಕ ಲೆಕ್ಕ ಇಡಬೇಕು, ಬ್ಯಾರೆ ಊರಿನ ಟೀಮಿಗೆ ಫೋನ್ ಮಾಡಿ ಕರೀಬೇಕು, ಬಂದವರಿಗೆ ನೀರು ಊಟ ನೋಡಬೇಕು, ಅಂಪೈರ್ ಕೊಟ್ಟ ಪಾಯಿಂಟಿಗೆ ಜಗಳ ಬಿದ್ರ ನಡುವ ಹೋಗಿ ಬಿಡಿಸ್ಬೇಕು, ಮಳಿ ಬಂದ್ರ ಫಿಕ್ಸ್‌ಚರ್ ಎಲ್ಲಾ ಬದಲಿ ಮಾಡ್ಬೇಕು. ಒಬ್ಬ 17 ವರ್ಷದ ಹುಡುಗ ಇದರಾಗ ಅರ್ಧ ಕೆಲಸ ಹೊತ್ತು ಮುಗಿಸಿದ ಅಂದ್ರ ಅವನ ನಡಿಗಿನ ಬದಲಾಗ್ತೈತಿ. ನಾಟಕನೂ ಹಂಗ. ಬಳ್ಳಾರಿ ಕೊಪ್ಪಳ ರಾಯಚೂರು ಹಳ್ಳ್ಯಾಗ ಜಾತ್ರಿಗೆ ಒಂದು ನಾಟಕ ಆಡಬೇಕಂದ್ರ ವಾರಗಟ್ಲೆ ರಾತ್ರಿ ತಾಲೀಮು, ಡೈಲಾಗ್ ಬಾಯಿಪಾಠ, ಹಾರ್ಮೋನಿಯಂ ಮಾಸ್ತರ್ರು ಬೈಯೋದು, ತನ್ನ ಪಾರ್ಟು ಬರೋತನಕ ಪರದಿ ಹಿಂದ ಸುಮ್ನ ಕಾಯೋದು. ನಾಟಕದ ದೊಡ್ಡ ನಟ ಬಳ್ಳಾರಿ ರಾಘವರು ವೃತ್ತಿಯಿಂದ ವಕೀಲ್ರು, 1946ರಾಗ ತೀರ್ಕೊಂಡ್ರು, ಇವತ್ತಿಗೂ ಬಳ್ಳಾರ್ಯಾಗ ಅವರ ಹೆಸರಿನ ರಂಗಮಂದಿರ ಐತಿ, ಕೆಲಸ ಮಾಡ್ಕೋತನ ರಂಗಭೂಮಿ ಕಟ್ಟಿದ ಆ ಹವ್ಯಾಸಿ ಪರಂಪರಿ ನಮ್ಮ ಊರಾಗ ಇನ್ನೂ ಉಳದಿದ್ರ ಇಂಥ ಸಂಘದ ಹುಡುಗ್ರಿಂದ. ನಿಮ್ಮ ಮಗ ಮೈಕ್ ಹಿಡದು ಮಾತಾಡ್ತಾನಲ್ರಿ, ಅದಕ್ಕ ಜನ ಪಟ್ಟಣದಾಗ ಪರ್ಸನಾಲಿಟಿ ಡೆವಲಪ್‌ಮೆಂಟ್ ಕೋರ್ಸ್ ಅಂತ ದುಡ್ಡು ಕಟ್ಟಿ ಹೋಗ್ತಾರ, ಅಲ್ಲಿ ಕಲಿಯೋದು ಕೋಣ್ಯಾಗ ಹತ್ತು ಮಂದಿ ಮುಂದ, ಇವ ಕಲ್ತಿದ್ದು ಇಡೀ ಊರಿನ ಮುಂದ.

ಇನ್ನೊಂದು ವಿಷಯ ಐತಿ, ಅದು ಒಳಗಿಂದು. ಎರಿಕ್ ಎರಿಕ್ಸನ್ ಅನ್ನೋ ದೊಡ್ಡ ಮನಃಶಾಸ್ತ್ರಜ್ಞರು ಈ ವಯಸ್ಸಿನ ಮುಖ್ಯ ಕೆಲಸನ ‘ನಾ ಯಾರು’ ಅಂತ ಹುಡುಕೋದು ಅಂದಾರ. ಮನ್ಯಾಗ ಅವ ಇಂಥವರ ಮಗ, ಕಾಲೇಜಿನ್ಯಾಗ ಇಷ್ಟು ಮಾರ್ಕ್ಸಿನ ಹುಡುಗ. ಈ ಎರಡೂ ಅವ ಆರಿಸಿಕೊಂಡಿದ್ದಲ್ಲ. ಸಂಘದಾಗ ಅವ ‘ಚಲೋ ಸರ್ವಿಸ್ ಹಾಕಾವ’, ‘ಲೆಕ್ಕ ಬರಿಯಾವ’, ‘ಜಗಳ ಬಿಡಿಸಾವ’ ಆಗ್ತಾನ, ಅದು ಅವ ದುಡದು ಗಳಿಸಿದ ಹೆಸರು. ಅದರಾಗೂ ಮನ್ಯಾಗ ತಂದೆ-ತಾಯಿ ಗುಳೆ ಹೋಗಿ ಬೆಂಗಳೂರಾಗ ಸೆಂಟ್ರಿಂಗ್ ಕೆಲಸಕ್ಕ ಇದ್ದು, ಹುಡುಗ ಅಜ್ಜಿ ಜೋಡಿ ಊರಾಗ ಉಳಕೊಂಡಿದ್ರ, ದಿನಾ ಸಂಜಿ ‘ಯಾಕೋ ನಿನ್ನೆ ಬರ್ಲಿಲ್ಲ?’ ಅಂತ ಕೇಳಾವ್ರು ಸಂಘದಾಗ ಮಾತ್ರ ಸಿಗ್ತಾರ. ಒಬ್ಬ ಹುಡುಗ ಬರದಿದ್ದಾಗ ಅದು ನಾಲ್ಕು ಮಂದಿಗೆ ಗೊತ್ತಾಗ್ತೈತಿ ಅನ್ನೋದು ಭಾಳ ದೊಡ್ಡ ಆಸರ. ಗುಳೆ ಹೋಗೋ ಊರುಗಳಾಗ ಇದನ್ನ ನಾ ಕಣ್ಣಾರೆ ನೋಡ್ತೀನಿ, ಅದಕ್ಕ ಸಂಘ ಅಂದ ಕೂಡ್ಲೆ ಪೋಲಿಗಳು ಅನ್ನೋ ಮಾತು ಕೇಳಿದ್ರ ನನಗ ಬ್ಯಾಸರ ಆಗ್ತೈತಿ.

ಹಂಗಂತ ನಿಮ್ಮ ಯಜಮಾನ್ರ ಮಾತನ್ನ ತಗದು ಒಗಿಯಾಕ ಆಗಂಗಿಲ್ಲ. ಅವರ ಹೆದರಿಕಿಗೆ ಸಂಶೋಧನೆಯಾಗೂ ಆಧಾರ ಐತಿ. ಸ್ವೀಡನ್ ದೇಶದಾಗ ಊರೂರಿಗೆ ಸರ್ಕಾರದ ಯುವಕರ ಮನರಂಜನಾ ಕೇಂದ್ರ ಅದಾವ. ಜೋಸೆಫ್ ಮಹೋನಿ ಮತ್ತ ಹಾಕಾನ್ ಸ್ಟಾಟಿನ್ ಅನ್ನೋ ಇಬ್ಬರು 14 ವರ್ಷದ ಮಕ್ಕಳನ್ನ ಹಿಡಕೊಂಡು ಅಭ್ಯಾಸ ಮಾಡಿ 2000ದಾಗ ಪ್ರಕಟ ಮಾಡಿದ್ರು. ಕೋಚ್ ಇದ್ದು, ವೇಳೆ ಇದ್ದು, ಕಲಿಯೋದೇನೋ ಇದ್ದು ನಡಿಯೋ ಚಟುವಟಿಕಿಗೆ ಹೋಗೋ ಮಕ್ಕಳು ಪುಂಡಾಟಕ್ಕ ಹೋಗೋದು ಕಮ್ಮಿ. ಬಾಗಿಲಾ ತಗದಿಟ್ಟು, ಯಾವ ಕಾರ್ಯಕ್ರಮನೂ ಇಲ್ಲದ, ಬರೇ ಹೋಗಿ ಕೂಡೋ ಕೇಂದ್ರಕ್ಕ ಹೋಗೋ ಮಕ್ಕಳಾಗ ಪುಂಡಾಟ ಜಾಸ್ತಿ ಕಂಡ್ತು. ಅಂದ್ರ ಕಟ್ಟಡ, ಕೇರಂ ಬೋರ್ಡು, ಟಿವಿ ಇಟ್ಟು ಹುಡುಗ್ರನ್ನ ಒಂದ ಕಡೆ ಕೂಡಿಸಿದ್ರ ಸಾಲಂಗಿಲ್ಲ, ಅದರಿಂದ ಕೆಡೋ ಸಾಧ್ಯತೆನೂ ಐತಿ. 1999ರಾಗ ಥಾಮಸ್ ಡಿಶಿಯನ್ ಮತ್ತ ಅವರ ಜೋಡಿ ಕೆಲಸ ಮಾಡಾವ್ರು ಇನ್ನೂ ಖಡಕ್ ಆಗಿ ಹೇಳಿದ್ರು, ದಾರಿ ತಪ್ಪೋ ಹುಡುಗ್ರನ್ನಷ್ಟ ಒಂದ ಗುಂಪು ಮಾಡಿ ಸುಧಾರಸ್ತೀವಿ ಅಂತ ಹೋದ್ರ ಅವ್ರು ಒಬ್ಬರಿಂದ ಒಬ್ಬರು ಕೆಟ್ಟದ್ದನ್ನ ಕಲಿತಾರ, ಒಬ್ಬ ತನ್ನ ಪುಂಡಾಟ ಹೇಳಿದಾಗ ಉಳದಾವ್ರು ನಕ್ಕು ಹೌದು ಅಂದ್ರ ಅದ ಅವನಿಗೆ ಬಹುಮಾನ.

ಆಟ ಅಂದ್ರ ಎಲ್ಲಾ ಚಲೋ ಅನ್ನೋದೂ ಪೂರ್ತಿ ಖರೇ ಅಲ್ಲ. ಜಾಕ್ವೆಲಿನ್ ಎಕಲ್ಸ್ ಮತ್ತ ಬಾನಿ ಬಾರ್ಬರ್ 1999ರಾಗ ಮಾಡಿದ ಅಭ್ಯಾಸದಾಗ, ಟೀಮ್ ಆಟ ಆಡೋ ಮಕ್ಕಳಿಗೆ ಸಾಲಿ ಮ್ಯಾಲೆ ಪ್ರೀತಿ ಜಾಸ್ತಿ, ಓದಿನ್ಯಾಗೂ ಮುಂದ, ಆದ್ರ ಕುಡಿಯೋದೂ ಜಾಸ್ತಿ ಅಂತ ಕಂಡ್ತು. ಸೇವಾ ಕೆಲಸಕ್ಕ ಹೋಗೋ ಮಕ್ಕಳಾಗ ಕುಡಿಯೋದು ಕಮ್ಮಿ ಇತ್ತು. ಅದು ಅಮೇರಿಕಾದ ಮಾತು ಖರೇ, ಆದ್ರ ಟೂರ್ನಮೆಂಟ್ ಗೆದ್ದ ರಾತ್ರಿ ಡಾಬಾಕ್ಕ ಹೋಗೋ ಪದ್ಧತಿ ನಮ್ಮ ಊರಾಗೂ ಐತಿ, ಸೀನಿಯರ್ ಹುಡುಗ ಗ್ಲಾಸು ಮುಂದಿಟ್ರ ಜೂನಿಯರ್ ಒಲ್ಲೆ ಅನ್ನೋದು ಎಷ್ಟು ಕಷ್ಟ ಅಂತ ನಿಮ್ಮ ಯಜಮಾನ್ರಿಗೆ ಗೊತ್ತಿರ್ತೈತಿ. ಮತ್ತ ಒಂದು. ಮಾರ್ಗೋ ಗಾರ್ಡ್‌ನರ್ ಮತ್ತ ಲಾರೆನ್ಸ್ ಸ್ಟೈನ್‌ಬರ್ಗ್ ಕಂಪ್ಯೂಟರಿನ್ಯಾಗ ಗಾಡಿ ಓಡ್ಸೋ ಆಟ ಆಡಿಸಿ ನೋಡಿ 2005ರಾಗ ಬರದ್ರು, ಹದಿಹರೆಯದವ್ರು ಒಬ್ಬರ ಇದ್ದಾಗ ತಗೊಳ್ಳೋ ಅಪಾಯಕ್ಕಿಂತ ಗೆಳ್ಯಾರು ಬಾಜೂಕ ನಿಂತಾಗ ತಗೊಳ್ಳೋ ಅಪಾಯ ಭಾಳ ಜಾಸ್ತಿ, ದೊಡ್ಡವರಾಗ ಈ ಫರಕ್ ಇಲ್ಲ. ಗಣೇಶನ ವಿಸರ್ಜನಾ ದಿನ ಕಾಲುವ್ಯಾಗ ಜಿಗಿಯೋದು, ಒಂದ ಬೈಕಿನ ಮ್ಯಾಲೆ ಮೂರು ಮಂದಿ, ಡಿಜೆ ಮುಂದ ರಾತ್ರಿ ಹನ್ನೆರಡರತನಕ ಕುಣಿಯೋದು, ಇವೆಲ್ಲಾ ಅವ ಒಬ್ಬನ ಇದ್ರ ಮಾಡಾವ ಅಲ್ಲ. ಅದಕ್ಕ ಹಿರೇರ ಕಣ್ಣು ಬೇಕು ಅನ್ನೋದು. ಬೈಯಾಕಲ್ಲ, ಬರೇ ಅಲ್ಲಿ ಇದ್ರ ಸಾಕು.

ಸಂಘಕ್ಕ ಹೋಗೋ ಮಕ್ಕಳು ಚಲೋ ಇರ್ತಾರ ಅನ್ನೋ ಅಭ್ಯಾಸಗಳನ್ನ ಓದೋವಾಗ ಒಂದು ಎಚ್ಚರನೂ ಇರ್ಲಿ. ಮೊದ್ಲಿಂದ ಮನ್ಯಾಗ ಆಸರ ಇದ್ದು, ಸ್ವಲ್ಪ ಚುರುಕು ಇದ್ದ ಮಕ್ಕಳ ಸಂಘಕ್ಕ ಸೇರ್ತಾರ, ಹಿಂಗಾಗಿ ಎಲ್ಲಾ ಹೆಸರು ಸಂಘಕ್ಕ ಕೊಡಾಕ ಬರಂಗಿಲ್ಲ. ಆದ್ರ ನಿಮ್ಮ ಮಗನ ವಿಷಯದಾಗ ಅವ ಮೊದ್ಲು ಹೆಂಗಿದ್ದ ಅಂತ ನೀವ ನೋಡೀರಿ, ಹೋಲಿಸಾಕ ನಿಮಗಿಂತ ದೊಡ್ಡ ಸಾಕ್ಷಿ ಬ್ಯಾಡ.

ಈಗ ಒಂದು ಸಂಜಿ ಪುರುಸೊತ್ತು ಮಾಡ್ಕೊಂಡು ಯಜಮಾನ್ರನ್ನ ಅಲ್ಲಿಗೆ ಕಳಸ್ರಿ, ಮಗನಿಗೆ ಹೇಳೇ ಕಳಸ್ರಿ, ಕದ್ದು ನೋಡಾಕ ಹೋಗಬ್ಯಾಡ್ರಿ. ಸುಮ್ನ ಕಟ್ಟಿ ಮ್ಯಾಲೆ ಕೂತು ನೋಡ್ಲಿ. ಆಟಕ್ಕ ವೇಳೆ ಅಂತ ಒಂದು ಐತೋ ಇಲ್ಲಾ ಬಂದಾಗ ಬಂದ್ರು ಹೋದಾಗ ಹೋದ್ರೋ. ಒಬ್ಬ ರಿಟೈರ್ಡ್ ಪಿಟಿ ಮಾಸ್ತರ್ರು, ಒಬ್ಬ ಸಾಲಿ ಸರ್, ಊರಾಗ ನಾಲ್ಕು ಮಂದಿ ಮಾತು ಕೇಳೋ ಒಬ್ಬ ಹಿರೇ ಮನಷ್ಯ, ಯಾರಾದ್ರೂ ವಾರಕ್ಕ ಒಂದೆರಡು ಸಲ ಬಂದು ಹೋಗ್ತಾರೋ. ಪಟ್ಟಿ ಎತ್ತಿದ ದುಡ್ಡಿಗೆ ಬುಕ್ ಐತೋ, ಹಬ್ಬ ಮುಗದ ಮ್ಯಾಲೆ ಲೆಕ್ಕ ಎಲ್ಲರ ಮುಂದ ಓದ್ತಾರೋ. ಬುಕ್ ಕೇಳಿದ್ರ ಸಿಟ್ಟಿಗೇಳೋ ಸಂಘ ಇದ್ರ ಅದರಾಗ ನಿಮ್ಮ ಮಗ ಇರೋದು ಬ್ಯಾಡ, ಇದನ್ನ ನಾ ಯಾವ ಅನುಮಾನನೂ ಇಲ್ಲದ ಹೇಳ್ತೀನಿ, ಯಾಕಂದ್ರ ಹದಿನೇಳರಾಗ ಸುಳ್ಳು ಲೆಕ್ಕ ನೋಡಿ ಸುಮ್ನ ಇರೋದು ಕಲ್ತಾವ ಮುಂದ ಎಲ್ಲಾ ಕಡೆ ಹಂಗ ಇರ್ತಾನ.

ಇನ್ನ ನೋಡ್ಬೇಕಾದ್ದು ಸಂಘ ಯಾರದು ಅನ್ನೋದು. ರೋಜರ್ ಹಾರ್ಟ್ ಅನ್ನಾವ್ರು 1992ರಾಗ ಯುನಿಸೆಫ್‌ಗೆ ಬರದ ಪುಸ್ತಕದಾಗ ಮಕ್ಕಳ ಭಾಗವಹಿಸೋದನ್ನ ಎಂಟು ಮೆಟ್ಟಲಿನ ಏಣಿ ಅಂತ ತೋರ್ಸ್ಯಾರ. ಕೆಳಗಿನ ಮೂರು ಮೆಟ್ಟಲಿನ್ಯಾಗ ಮಕ್ಕಳು ಇದ್ದಂಗ ಕಾಣ್ತಾರ ಅಷ್ಟ, ದೊಡ್ಡವ್ರು ಅವರನ್ನ ತಮ್ಮ ಕೆಲಸಕ್ಕ ಬಳಸ್ಕೋತಾರ, ಇಲ್ಲಾ ಅಲಂಕಾರಕ್ಕ ನಿಲ್ಲಿಸ್ತಾರ, ಇಲ್ಲಾ ಹೆಸರಿಗೆ ಒಂದು ಮಾತು ಕೇಳ್ತಾರ. ನಮ್ಮ ಕಡೆ ಇದು ಎಲೆಕ್ಷನ್ ಬಂದಾಗ ನಿಚ್ಚಳ ಕಾಣ್ತೈತಿ. ಕ್ಯಾಂಡಿಡೇಟ್ ಬಂದು ಕ್ರಿಕೆಟ್ ಕಿಟ್ ಕೊಡ್ತಾರ, ಟೀ ಶರ್ಟ್ ಕೊಡ್ತಾರ, ಫ್ಲೆಕ್ಸ್‌ನ್ಯಾಗ ಹುಡುಗ್ರ ಪಾಸ್‌ಪೋರ್ಟ್ ಫೋಟೋ ಸಾಲಾಗಿ ಹಾಕಸ್ತಾರ, ಆಮ್ಯಾಲೆ ಬೈಕ್ ರ್‍ಯಾಲಿಗೆ ಅವ್ರ ಹೋಗ್ಬೇಕು, ಕೂಗ್ಬೇಕು, ಎದುರು ಪಾರ್ಟಿ ಹುಡುಗ್ರ ಜೋಡಿ ಬಡದಾಡ್ಬೇಕು. ವೋಟು ಹಾಕೋ ವಯಸ್ಸಿಗೂ ಬಂದಿರದ ಹುಡುಗ್ರು ಕೇಸು ಮೈಮ್ಯಾಲೆ ಹಾಕ್ಕೊಂಡು ಪೊಲೀಸ್ ವೆರಿಫಿಕೇಶನ್ ಬಂದಾಗ ಅಳೋದನ್ನ ನಾ ನೋಡೀನಿ. ಕಿಟ್ಟಿನ ರೊಕ್ಕ ಹುಡುಗ್ರು ತಾವ ಪಟ್ಟಿ ಹಾಕಿ ಕೂಡಿಸಿದ್ರ ಬಾಲು ಹಳೇದಿದ್ರೂ ಸಂಘ ಅವರದಾಗಿರ್ತೈತಿ. ಐಪಿಎಲ್ ಟೈಮಿನ್ಯಾಗ ಬೆಟ್ಟಿಂಗ್ ನಡಸೋ ಅಡ್ಡಾ ಆಗಿದ್ರಂತೂ ಆ ಕಡೆ ತಲಿ ಹಾಕೂದು ಬ್ಯಾಡ, ರೊಕ್ಕ ಹಚ್ಚಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧ ಮಾಡಿ ಸಂಸತ್ತು 2025ರ ಆಗಸ್ಟ್‌ನ್ಯಾಗ ಕಾಯ್ದೆ ತಂದೈತಿ, ಆದ್ರೂ ಮೊಬೈಲ್ ಕೈಯಾಗ ಇದ್ದಾವ ಹುಡುಕಿದ್ರ ಎಲ್ಲಾ ಸಿಗ್ತಾವ.

ಮತ್ತೊಂದು ನೋಡ್ರಿ, ಅಲ್ಲಿ ಯಾವ್ಯಾವ ಓಣಿ ಹುಡುಗ್ರು ಅದಾರ. ಇದರ ಬಗ್ಗೆ ಮಾತಾಡಾಕ ನಮ್ಮ ಮಂದಿ ಹಿಂದ ಮುಂದ ನೋಡ್ತಾರ, ನನಗ ಇದು ಎಲ್ಲಾಕ್ಕಿಂತ ಮುಖ್ಯ ಅನ್ನಸ್ತೈತಿ. ಭಾಳ ಊರಾಗ ಸಂಘ ಅನ್ನೋದು ಒಂದ ಓಣಿದು, ಅಂದ್ರ ಒಂದ ಜಾತಿದು ಆಗಿರ್ತೈತಿ, ಹೆಸರು ಮಾತ್ರ ಊರಿಂದು. ಮನಃಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಾಗ ಬರದ ಮಾತು ಇವತ್ತಿಗೂ ನಿಂತೈತಿ, ಬ್ಯಾರೆ ಬ್ಯಾರೆ ಗುಂಪಿನ ಮಂದಿ ಬರೇ ಎದುರಬದುರು ಆದ್ರ ಪೂರ್ವಾಗ್ರಹ ಹೋಗಂಗಿಲ್ಲ, ಸಮಾನರಾಗಿ ನಿಂತು, ಒಂದ ಗುರಿಗೆ, ಒಬ್ಬರಿಗೊಬ್ಬರು ಸಹಾಯ ಮಾಡ್ಕೋತ ಕೆಲಸ ಮಾಡ್ಬೇಕು, ಹಿರೇರ ಬೆಂಬಲನೂ ಇರ್ಬೇಕು. ಇದನ್ನ ನಮ್ಮ ದೇಶದಾಗ ಕ್ರಿಕೆಟ್ ಹಚ್ಚಿ ಪರೀಕ್ಷೆ ಮಾಡ್ಯಾರ ಅಂದ್ರ ನಂಬ್ತೀರೇನ್ರಿ. ಮ್ಯಾಟ್ ಲೋ ಅನ್ನೋ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳ್ಯಾಗ ಕ್ರಿಕೆಟ್ ಲೀಗ್ ನಡಸಿ, ಕೆಲವು ಟೀಮಿನ್ಯಾಗ ಬ್ಯಾರೆ ಬ್ಯಾರೆ ಜಾತಿ ಹುಡುಗ್ರನ್ನ ಕೂಡಿಸಿ, ಕೆಲವು ಟೀಮ್ ಒಂದ ಜಾತಿದು ಮಾಡಿ, 2021ರಾಗ ಫಲಿತಾಂಶ ಪ್ರಕಟ ಮಾಡಿದ್ರು. ಒಂದ ಟೀಮಿನ್ಯಾಗ ಕೂಡಿ ಆಡಿದಾವ್ರಿಗೆ ಬ್ಯಾರೆ ಜಾತಿ ಗೆಳ್ಯಾರು ಜಾಸ್ತಿ ಆದ್ರು. ಬ್ಯಾರೆ ಜಾತಿಯವರ ವಿರುದ್ಧ ಆಡಿದ್ದರಿಂದ ಮಾತ್ರ ಆ ಲಾಭ ಆಗ್ಲಿಲ್ಲ, ಅದು ಉಲ್ಟಾ ಹೊಡಿತು. ಈಗ ನಮ್ಮ ಊರಿನ ಟೂರ್ನಮೆಂಟ್ ನೆನಸ್ಕೊಳ್ರಿ, ಈ ಓಣಿ ಟೀಮು, ಆ ಓಣಿ ಟೀಮು, ಫೈನಲ್‌ನ್ಯಾಗ ಸೋತ ಮ್ಯಾಲೆ ಕಲ್ಲು. ಟೀಮ್ ಹೆಂಗ ಹಂಚಬೇಕು ಅನ್ನೋ ಒಂದು ಸಣ್ಣ ತೀರ್ಮಾನ ಊರಿನ ಮುಂದಿನ ಇಪ್ಪತ್ತು ವರ್ಷ ಬದಲ್ಸಬಹುದು. ಚೀಟಿ ಎತ್ತಿ ಟೀಮ್ ಮಾಡ್ರಿ ಅಂತ ನಾ ಹೋದಲ್ಲೆಲ್ಲಾ ಹೇಳ್ತೀನಿ, ಕೆಲವರು ಒಪ್ತಾರ, ಕೆಲವರು ಮುಖ ಗಂಟು ಹಾಕ್ತಾರ. ನಮ್ಮ ನೆಲದಾಗ ಇದಕ್ಕ ದಾರಿ ಇಲ್ಲದಿಲ್ಲ, ಮುದಗಲ್ ಮೊಹರಂ ಇರ್ಲಿ, ಊರೂರಿನ ಅಲಾಯಿ ಕುಣಿ (ಮೊಹರಂನ್ಯಾಗ ಬೆಂಕಿ ಹಾಕೋ ಕುಣಿ) ಇರ್ಲಿ, ಹಿಂದೂ ಮುಸ್ಲಿಂ ಹುಡುಗ್ರು ಒಂದ ಹೆಜ್ಜಿ ಹಾಕೋ ಸಂಪ್ರದಾಯ ನಮ್ಮಲ್ಲಿ ಹಿಂದಿಂದನ ಐತಿ.

ಸೇವಾ ಕೆಲಸ ಇದ್ದ ಸಂಘ ಆದ್ರ ಇನ್ನೂ ಚಲೋ. ಕೊಪ್ಪಳದ ಗವಿಮಠದ ಜಾತ್ರಿ ದಾಸೋಹಕ್ಕ ಸುತ್ತಲ ಊರಿಂದ ರೊಟ್ಟಿ ಹೊತ್ಕೊಂಡು ಹೋಗೋದು, ಅಲ್ಲಿ ಬಡಸಾಕ ನಿಲ್ಲೋದು, 2019ರಾಗ ಸ್ವಾಮೀಜಿ ಮುಂದಾಳತ್ವದಾಗ ಹಿರೇಹಳ್ಳ ಸ್ವಚ್ಛ ಮಾಡಾಕ ಜನ ಇಳದಿದ್ದು, ಇಂಥಾ ಕೆಲಸದಾಗ ಮೈ ಬಗ್ಗಿಸಿದ ಹುಡುಗ ತನ್ನಿಂದ ಊರಿಗೆ ಏನೋ ಆಗ್ತೈತಿ ಅನ್ನೋದನ್ನ ಕಣ್ಣಿಲೆ ನೋಡ್ತಾನ, ಅದನ್ನ ಭಾಷಣದಿಂದ ಕಲಸಾಕ ಬರಂಗಿಲ್ಲ.

ನಿಮ್ಮ ಊರಿನ ಸಂಘ ರಿಜಿಸ್ಟರ್ ಆಗೈತೋ ಇಲ್ಲೋ ಅಂತ ಕೇಳ್ರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಮಂದಿ ಕೂಡಿ ಬೈಲಾ ಬರದು ರಿಜಿಸ್ಟರ್ ಮಾಡಿಸ್ಬಹುದು, ಆಮ್ಯಾಲೆ ವರ್ಷಕ್ಕೊಮ್ಮೆ ಸಭೆ, ಲೆಕ್ಕ, ಪದಾಧಿಕಾರಿಗಳ ಪಟ್ಟಿ ಎಲ್ಲಾ ಕೊಡ್ಬೇಕಾಗ್ತೈತಿ. ಹಳ್ಳಿ ಯುವಕ ಯುವತಿ ಮಂಡಳಿಗಳನ್ನ ಬೆಳಸಾಕ ಅಂತ ನೆಹರು ಯುವ ಕೇಂದ್ರ 1972ರಾಗ ಶುರುವಾಗಿತ್ತು, 2023ರ ಅಕ್ಟೋಬರ್ 31ಕ್ಕ ಕೇಂದ್ರ ಸರ್ಕಾರ ‘ಮೇರಾ ಯುವ ಭಾರತ್’ ಶುರು ಮಾಡೈತಿ, 15ರಿಂದ 29 ವರ್ಷದವ್ರು ಅದರಾಗ ಹೆಸರು ಹಚ್ಚಬಹುದು, ನಿಮ್ಮ ಮಗನೂ ಹಚ್ಚಬಹುದು. ರಿಜಿಸ್ಟರ್ ಆದ ಮಾತ್ರಕ್ಕ ಸಂಘ ಚಲೋ ಅಂತಲ್ಲ, ಬೋರ್ಡು ಮಾತ್ರ ಇದ್ದು ಒಳಗ ಏನೂ ಇಲ್ಲದ ಸಂಘನೂ ಅದಾವ, ಆದ್ರ ಕಾಗದ ಪತ್ರ ಮಾಡೋ ನೆಪದಾಗ ಹುಡುಗ್ರು ಮೀಟಿಂಗ್ ಬುಕ್ ಬರಿಯೋದು, ಠರಾವು ಮಾಡೋದು, ಬ್ಯಾಂಕಿಗೆ ಹೋಗೋದು ಕಲಿತಾರ. ಕಾಮರ್ಸ್ ಓದೋ ನಿಮ್ಮ ಮಗನಿಗೆ ಖಜಾಂಚಿ ಕೆಲಸ ಕೊಡಸ್ರಿ ಅಂತ ನಾ ಹೇಳ್ತೀನಿ. ಅಕೌಂಟೆನ್ಸಿನ್ಯಾಗ ಓದೋ ಜಮಾ-ಖರ್ಚು ಅವನ ಕೈಗೆ ಬರ್ತೈತಿ.

ಮಾರ್ಕ್ಸ್ ಬಗ್ಗೆ. ಇಳದಿದ್ದಕ್ಕ ಸಂಘನ ಕಾರಣ ಅಂತ ಹೇಳೋಕ್ಕಿಂತ ಮುಂಚೆ ರಾತ್ರಿ ಒಂಬತ್ತರ ನಂತ್ರ ಏನಾಗ್ತೈತಿ ನೋಡ್ರಿ. ಭಾಳ ಮನ್ಯಾಗ ಹುಡುಗ ಒಂಬತ್ತಕ್ಕ ಬಂದು ಉಂಡು, ಹನ್ನೆರಡರತನಕ ಸಂಘದ ವಾಟ್ಸಾಪ್ ಗ್ರೂಪಿನ್ಯಾಗ ರೀಲ್ಸ್ ನೋಡ್ಕೋತ ಬಿದ್ದಿರ್ತಾನ, ಆಟ ಓದನ್ನ ಕೆಡಸಿರಂಗಿಲ್ಲ, ನಿದ್ದಿ ಕೆಟ್ಟದ್ದು ಕೆಡಸಿರ್ತೈತಿ. 13ರಿಂದ 18 ವರ್ಷದವರಿಗೆ ದಿನಕ್ಕ 8ರಿಂದ 10 ತಾಸು ನಿದ್ದಿ ಬೇಕು, ನಮ್ಮ ಹುಡುಗ್ರಾಗ ಎಷ್ಟು ಮಂದಿಗೆ ಅದು ಸಿಗ್ತೈತಿ ಹೇಳ್ರಿ. ಅವನ ಜೋಡಿ ಕೂತು ಒಂದು ಒಪ್ಪಂದ ಮಾಡ್ಕೊಳ್ರಿ, ಹುಕುಂ ಬ್ಯಾಡ. ಆರಕ್ಕ ಹೋಗ್ಲಿ, ಏಳೂವರಿಗೆ ಮನ್ಯಾಗ ಇರ್ಲಿ. ನಾಟಕದ ತಾಲೀಮು ಇದ್ದ ವಾರ ಒಂದು ತಾಸು ಹೆಚ್ಚು ಕೇಳಿದ್ರ ಕೊಡ್ರಿ, ಆದ್ರ ಅವನ ಮುಂಚೆ ಬಂದು ಕೇಳ್ಬೇಕು. ಪರೀಕ್ಷೆ ಹತ್ರ ಬಂದಾಗ ಪದಾಧಿಕಾರಿ ಕೆಲಸ ಒಂದೆರಡು ತಿಂಗಳು ಬ್ಯಾರೆಯವರಿಗೆ ಕೊಟ್ಟು, ಆಟ ಮಾತ್ರ ದಿನಾ ಅರ್ಧ-ಮುಕ್ಕಾಲು ತಾಸು ಇರ್ಲಿ, ಅದನ್ನೂ ತಗದ್ರ ತಲಿ ಓಡಂಗಿಲ್ಲ. ನಿಮ್ಮ ಪಂಚಾಯ್ತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರಲ್ರಿ, ಅಲ್ಲಿ ಸಂಘದ ಪಿಯುಸಿ ಹುಡುಗ್ರೆಲ್ಲಾ ಆಟಕ್ಕಿಂತ ಮುಂಚೆ ಒಂದು ತಾಸು ಕೂಡಿ ಓದೋ ಪದ್ಧತಿ ಹಾಕ್ಕೊಂಡ್ರ, ಒಬ್ಬನ ಕೂತು ಓದಾಕ ಬ್ಯಾಸರ ಆಗೋ ಹುಡುಗನೂ ಓದ್ತಾನ, ಇದು ಆಗಿದ್ದನ್ನ ನೋಡೀನಿ.

ಏಕದಂ ಬಂದ್ ಮಾಡಿದ್ರ ಏನಾಗ್ತೈತಿ ಅಂತ ಯಜಮಾನ್ರಿಗೆ ಹೇಳ್ರಿ. ಅವ ಮನ್ಯಾಗ ಕೂತು ಓದ್ತಾನ ಅನ್ನೋ ಭರವಸೆ ಇಲ್ಲ. ಸಂಘ ಹೋತು ಅಂದ್ರ ಉಳಿಯೋದು ಬಸ್‌ಸ್ಟ್ಯಾಂಡ್ ಪಾನ್ ಅಂಗಡಿ ಮತ್ತ ಮೊಬೈಲು, ಸ್ವೀಡನ್ನಿನ ಅಭ್ಯಾಸ ಯಾವುದನ್ನ ಕೆಟ್ಟದ್ದು ಅಂತ ತೋರ್ಸಿತ್ತೋ ಅದ ಜಾಗಕ್ಕ ನಾವ ಕೈಹಿಡದು ಕಳಿಸಿದಂಗ ಆಗ್ತೈತಿ. ಮ್ಯಾಲಾಗಿ ತಾನ ಗಳಿಸಿದ ಹೆಸರನ್ನ ಅಪ್ಪ ಕಸ್ಕೊಂಡ ಅನ್ನೋ ಸಿಟ್ಟು ಭಾಳ ದಿನ ಉಳೀತೈತಿ.

ಇನ್ನ ಮಗಳು. ನಿಮ್ಮ ಪತ್ರದಾಗ ಆಕಿ ಮಾತು ಕೊನೀಗೆ ಒಂದ ಸಾಲಿನ್ಯಾಗ ಬಂದೈತಿ, ನನಗ ಅದನ್ನ ಓದಿದ ಮ್ಯಾಲೆ ಉಳದಿದ್ದೆಲ್ಲಾ ಹಿಂದ ಸರೀತು. ಆಕಿ ಕೇಳಿದ್ದು ನ್ಯಾಯದ ಪ್ರಶ್ನೆ. ನಮ್ಮ ಊರಾಗ ಹುಡುಗ್ಯಾರು ಏಳನೇತ್ತಿತನಕ ಖೋಖೋ ಆಡ್ತಾರ, ಎಂಟು ಒಂಬತ್ತಕ್ಕ ಬರೋದ್ರಾಗ ಮೈದಾನ ಹುಡುಗ್ರದಾಗಿರ್ತೈತಿ, ಹತ್ತನೇತ್ತಿ ಮುಗೀತಂದ್ರ ಸಾಲಿ ದಾರಿನೂ ಬಂದ್ ಆಗಿ, ಮನಿ, ಹೊಲ, ಹತ್ತಿ ಬಿಡಸೋದು, ಸೀಡ್ಸ್ ಹತ್ತಿ ಕ್ರಾಸಿಂಗ್ (ಬೀಜದ ಹತ್ತಿ ಹೂವಿಗೆ ಕೈಲೆ ಪರಾಗ ಹಚ್ಚೋ) ಕೆಲಸ ಇಷ್ಟ ಉಳೀತಾವ. ಮಗನಿಗೆ ಸಂಘದಿಂದ ಸಿಕ್ಕಿದ್ದು ಅಂತ ಮ್ಯಾಲೆ ಏನೇನು ಬರದ್ನೋ, ಮಾತು, ಹೆಸರು, ನಾಲ್ಕು ಮಂದಿ ಆಸರ, ಎಲ್ಲಾ ಆಕಿಗೆ ಅವನಕಿಂತ ಜಾಸ್ತಿ ಬೇಕು, ಯಾಕಂದ್ರ ಆಕಿಗೆ ಬ್ಯಾರೆ ಕಡೆ ಅದು ಸಿಗಂಗಿಲ್ಲ. ವಾರಕ್ಕೊಮ್ಮೆ ಕೂಡೋ ಗೆಳತ್ಯಾರ ಗುಂಪು ಇದ್ರ, ನಡುವ ಸಾಲಿ ಬಿಡಿಸಿದ್ರ ಇಲ್ಲಾ 18 ತುಂಬೋಕ್ಕಿಂತ ಮುಂಚೆ ಮದುವಿ ಮಾತು ಎದ್ರ ಗೊತ್ತಾಗ್ತೈತಿ, ಯಾರೋ ಒಬ್ಬರು ಟೀಚರ್ ಮುಂದ ಹೇಳ್ತಾರ, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡೋ ಧೈರ್ಯ ಒಬ್ಬಾಕಿಗಿಲ್ಲದ್ದು ನಾಲ್ಕು ಮಂದಿಗೆ ಬರ್ತೈತಿ.

ಹುಡುಗ್ರ ಸಂಘಕ್ಕ ಆಕಿನ ಕಳಸ್ರಿ ಅಂತ ನಾ ಹೇಳಾಕತ್ತಿಲ್ಲ, ಇವತ್ತಿನ ನಿಮ್ಮ ಊರಾಗ ಅದು ಆಗೋ ಮಾತಲ್ಲ ಅಂತ ಗೊತ್ತೈತಿ. ಹುಡುಗ್ಯಾರದ ಒಂದು ಗುಂಪು ಆಗ್ಲಿ. ವೇಳೆ ಸಂಜಿ ಬ್ಯಾಡ, ಕತ್ತಲು ಬಸ್ಸು ಅನ್ನೋ ನೂರು ಮಾತು ಬರ್ತಾವ, ರವಿವಾರ ಮುಂಜಾನೆ ಏಳರಿಂದ ಎಂಟೂವರಿ, ಸಾಲಿ ಮೈದಾನ. ಸಾಲಿ ಟೀಚರ್ ಇಲ್ಲಾ ಅಂಗನವಾಡಿ ಅಕ್ಕ ಇಲ್ಲಾ ಆಶಾ ಕಾರ್ಯಕರ್ತೆ, ಯಾರಾದ್ರೂ ಒಬ್ಬರು ಬಾಜೂಕ ಇರ್ಲಿ. ನಾಲ್ಕೈದು ಹುಡುಗ್ಯಾರಿಂದ ಶುರು ಮಾಡ್ರಿ, ಕಬಡ್ಡಿನೋ ಥ್ರೋಬಾಲೋ ಅವ್ರ ತೀರ್ಮಾನ ಮಾಡ್ಲಿ. ಆಟ ಮುಗದ ಮ್ಯಾಲೆ ಅರ್ಧ ತಾಸು ಕೂತು ಮಾತಾಡ್ಲಿ, ಮುಟ್ಟಿನ ವಿಷಯ, ರಕ್ತ ಕಮ್ಮಿ ಇರೋದು, ಮನಸ್ಸಿನ ಕಿರಿಕಿರಿ, ಯಾರಿಗೂ ಕೇಳಾಕ ಆಗದ್ದು. 2014ರಿಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಐತಿ, 10ರಿಂದ 19 ವರ್ಷದವರಿಗೆ, ಅದರ ಆಸ್ಪತ್ರಿ ಸೇವೆಗೆ ನಮ್ಮ ರಾಜ್ಯದಾಗ ಸ್ನೇಹ ಕ್ಲಿನಿಕ್ ಅಂತಾರ, ಆಶಾ ಅಕ್ಕಗ ಕೇಳಿದ್ರ ಎಲ್ಲೈತಿ ಅಂತ ಹೇಳ್ತಾಳ. ಮತ್ತ ವರ್ಷಕ್ಕೊಮ್ಮೆ ಪಂಚಾಯ್ತ್ಯಾಗ ಮಕ್ಕಳ ಗ್ರಾಮ ಸಭೆ ನಡೀತೈತಿ, ನಮಗ ಮೈದಾನದಾಗ ವೇಳೆ ಬೇಕು, ಶೌಚಾಲಯ ಬೇಕು, ದಾರ್‍ಯಾಗ ಲೈಟ್ ಬೇಕು ಅಂತ ಆಕಿ ಗೆಳತ್ಯಾರು ಕೂಡಿ ಅಲ್ಲಿ ಎದ್ದು ನಿಂತು ಕೇಳ್ಲಿ. ಅಣ್ಣ ಮೈಕ್ ಹಿಡಿಯೋದನ್ನ ನೋಡಿ ಖುಷಿ ಪಟ್ರಿ, ತಂಗಿ ಹಿಡದಾಗ ಯಾರಾದ್ರೂ ಏನರ ಅಂದ್ರ ನೀವು ಆಕಿ ಬಾಜೂಕ ನಿಲ್ಲಬೇಕು.

ಇದಕ್ಕ ಮೊದ್ಲ ಹೆಜ್ಜಿ ನಿಮ್ಮ ಮಗ ಇಡಬಹುದು. ರವಿವಾರ ಮುಂಜಾನೆ ಒಂದೂವರಿ ತಾಸು ಮೈದಾನ, ನೆಟ್ಟು, ಬಾಲು ಹುಡುಗ್ಯಾರಿಗೆ ಬಿಟ್ಟುಕೊಡ್ಬೇಕು, ಆ ವೇಳೆಯಾಗ ಹುಡುಗ್ರು ಯಾರೂ ಕಟ್ಟಿ ಮ್ಯಾಲೆ ಬಂದು ಕೂಡಬಾರ್ದು ಅಂತ ಸಂಘದ ಮುಂದಿನ ಮೀಟಿಂಗ್‌ನ್ಯಾಗ ಅವನ ಠರಾವು ಇಡ್ಲಿ. ಅವನ ಸಂಘ ಎಂಥಾದ್ದು ಅಂತ ಆ ದಿನ ನಿಮಗೂ ಯಜಮಾನ್ರಿಗೂ ಗೊತ್ತಾಗ್ತೈತಿ. ಪಾಸಾದ್ರೂ ಬರೀರಿ, ಆಗದಿದ್ರ ಯಾರು ಏನಂದು ಬ್ಯಾಡ ಅಂದ್ರು ಅನ್ನೋದನ್ನ ತಪ್ಪದ ಬರೀರಿ, ಮುಂದ ಏನು ಮಾಡ್ಬೇಕು ಅಂತ ಅದನ್ನ ನೋಡಿ ಹೇಳ್ತೀನಿ.